ತಾಟೆಯೂ ಶಾರ್ಕೇ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರಿಗೆ, ಮತ್ತು ಇದನ್ನು ಓದುವ ಕರಾವಳಿಯ ಅಕ್ಕ ತಂಗಿ, ಅಣ್ಣ ತಮ್ಮಂದಿರಿಗೆ,

ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಮನೆಯ ಹಿತ್ತಿಲು ದಾಟಿದರೆ ಸಮುದ್ರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಸಚಿವರಿಗೆ ಪತ್ರ ಬರೆದು ಅಭ್ಯಾಸವಿಲ್ಲ. ಆದರೆ ಹೋದ ವರ್ಷ ಮೀನು ಮಾರ್ಕೆಟ್‌ನಲ್ಲಿ ಕಂಡದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಮಗಳು ಬಾಣಂತನಕ್ಕೆ ಬಂದಿದ್ದಳು. ಹೆರಿಗೆಯಾಗಿ ಹದಿನೈದು ದಿನ ಕಳೆದಿತ್ತು. ನಮ್ಮ ಕಡೆ ಬಾಣಂತಿಗೆ ಎಳೆ ತಾಟೆ ಮೀನು ಕೊಡುವುದು ರೂಢಿ. ಎದೆಹಾಲು ಜಾಸ್ತಿಯಾಗುತ್ತದೆ ಅನ್ನುವ ನಂಬಿಕೆ. ನನ್ನ ಬಾಣಂತನದಲ್ಲಿ ಅಮ್ಮ ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿ ಮಾಡಿಕೊಟ್ಟಿದ್ದರು. ಅದರ ಪರಿಮಳ ಈಗಲೂ ನೆನಪಿದೆ. ಹಾಗಾಗಿ ನಾನೂ ಬೆಳಿಗ್ಗೆ ಚೀಲ ಹಿಡಿದು ಮಾರ್ಕೆಟ್‌ಗೆ ಹೋದೆ.

ನಾನು ಯಾವಾಗಲೂ ಮೀನು ತೆಗೆದುಕೊಳ್ಳುವುದು ಒಬ್ಬ ಅಕ್ಕನ ಹತ್ತಿರ. ಅವರ ಬುಟ್ಟಿಯಲ್ಲಿ ಮೊಳದುದ್ದದ ತಾಟೆ ಒಂದಿತ್ತು. ಚಪ್ಪಟೆ ಮೂತಿ, ಬೂದು ಮೈ, ಸ್ವಲ್ಪ ಉಬ್ಬಿದ ಹೊಟ್ಟೆ. ಅದನ್ನೇ ಕೊಡಿ ಅಂದೆ. ಅವರು ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಕೂತು ಹೊಟ್ಟೆ ಸೀಳಿದರು. ಒಳಗಿನಿಂದ ಮರಿಗಳು ಜಾರಿ ಬಂದವು. ಎಣಿಸಿದೆ. ಒಂಬತ್ತಿದ್ದವು. ಒಂದೊಂದೂ ನನ್ನ ಬೆರಳಿನಷ್ಟು ಉದ್ದ. ಕಣ್ಣು ಮೂಡಿತ್ತು, ರೆಕ್ಕೆ ಮೂಡಿತ್ತು. ಪ್ರತಿ ಮರಿಯ ಎದೆಯ ಕೆಳಗಿನಿಂದ ಒಂದು ತೆಳ್ಳನೆಯ ಬಳ್ಳಿ ಹೊರಟು ತಾಯಿಯ ಒಳಗೆ ಸೇರಿತ್ತು. ಬಳ್ಳಿಯ ಮೈಗೆಲ್ಲ ಕೂದಲಿನಂಥ ಜೂಲು.

ಹೊಕ್ಕುಳಬಳ್ಳಿ ಅದು. ಪುಸ್ತಕದಲ್ಲಿ ಓದಿ ಮಕ್ಕಳಿಗೆ ಹೇಳಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ.

"ಬಸುರಿ ತಾಟೆ ಟೀಚರೇ. ಈಗೀಗ ಸಿಕ್ಕೂದೇ ಇಂಥದ್ದು. ಮೊದಲಿನ ಹಾಗೆ ದೊಡ್ಡದು ಎಲ್ಲಿ ಬರ್ತದೆ?" ಅಂದರು ಆ ಅಕ್ಕ. ಮರಿಗಳನ್ನೂ ಚೀಲಕ್ಕೆ ಹಾಕಲಾ ಅಂತ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆ, ತೊಟ್ಟಿಲಲ್ಲಿ ಹೊಕ್ಕುಳು ಈಗಷ್ಟೇ ಮಾಗಿದ ಮಗು ಇದೆ. ಇಲ್ಲಿ ಕತ್ತಿಯ ಪಕ್ಕದಲ್ಲಿ ಈ ಒಂಬತ್ತು. ದುಡ್ಡು ಕೊಟ್ಟು, ತಾಟೆ ಅಲ್ಲೇ ಬಿಟ್ಟು, ಅರ್ಧ ಕಿಲೋ ಕಾಣೆ ತೆಗೆದುಕೊಂಡು ಮನೆಗೆ ಬಂದೆ.

ಸಚಿವರೇ, ತರಗತಿಯಲ್ಲಿ ನಾನು ಪ್ರತಿ ವರ್ಷ ಎರಡು ಪ್ರಶ್ನೆ ಕೇಳುತ್ತಿದ್ದೆ. "ಶಾರ್ಕ್ ನೋಡಿದವರು ಯಾರು?" ಟೀವಿಯಲ್ಲಿ ನೋಡಿದ್ದೇವೆ ಅನ್ನುತ್ತಿದ್ದರು. ಮನುಷ್ಯರನ್ನು ತಿನ್ನುತ್ತದೆ, ರಕ್ತದ ವಾಸನೆ ಹಿಡಿದು ಬರುತ್ತದೆ ಅಂತ ಕಣ್ಣರಳಿಸಿ ಹೇಳುತ್ತಿದ್ದರು. "ತಾಟೆ ತಿಂದವರು ಯಾರು?" ಅಂದರೆ ಮುಕ್ಕಾಲು ತರಗತಿ ಕೈ ಎತ್ತುತ್ತಿತ್ತು. ಎರಡೂ ಒಂದೇ ಪ್ರಾಣಿ ಅಂದರೆ ಮಕ್ಕಳು ನಂಬುತ್ತಲೇ ಇರಲಿಲ್ಲ. ನಮ್ಮಲ್ಲಿ ತಾಟೆ, ಕಾರವಾರದ ಕೊಂಕಣಿಯಲ್ಲಿ ಮೋರಿ, ಇಂಗ್ಲಿಷಿನಲ್ಲಿ ಶಾರ್ಕ್. ಘಟ್ಟದ ಮೇಲಿನ ಎಷ್ಟೋ ಜನ ಇದನ್ನು ತಿಮಿಂಗಿಲ ಅಂತಲೇ ತಿಳಿದಿದ್ದಾರೆ. ದೊಡ್ಡ ಶಾರ್ಕ್ ದಡಕ್ಕೆ ಬಂದಾಗ ತಿಮಿಂಗಿಲ ಅಂತ ಸುದ್ದಿ ಬರುವುದೂ ಉಂಟು. ತಿಮಿಂಗಿಲ ನಮ್ಮ ಹಾಗೆ ಶ್ವಾಸಕೋಶದಲ್ಲಿ ಉಸಿರಾಡುವ, ಹಾಲೂಡಿಸುವ ಪ್ರಾಣಿ. ಶಾರ್ಕ್ ಕಿವಿರಿರುವ ಮೀನು. ಅದರ ಮೈಯಲ್ಲಿ ಗಟ್ಟಿ ಮೂಳೆ ಇಲ್ಲ, ನಮ್ಮ ಕಿವಿಯಲ್ಲಿರುವಂಥ ಮೆದುಮೂಳೆ ಅಷ್ಟೇ.

ಶಾರ್ಕ್ ಅಂದರೆ ರಾಕ್ಷಸ, ತಾಟೆ ಅಂದರೆ ಸಾರು. ಈ ಪ್ರಾಣಿಯ ಬಗ್ಗೆ ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಇಷ್ಟೇ. ರಾಕ್ಷಸ ಸತ್ತರೆ ಯಾರಿಗೂ ಬೇಸರವಿಲ್ಲ. ಸಾರಿನ ಮೀನು ಸಮುದ್ರದಲ್ಲಿ ಎಂದಿಗೂ ಮುಗಿಯುವುದಿಲ್ಲ ಅಂತ ಎಲ್ಲರಿಗೂ ಧೈರ್ಯ. ಎರಡೂ ತಪ್ಪು.

ಮೊದಲು ಹೆದರಿಕೆಯ ಮಾತು. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಯ ಶಾರ್ಕ್‌ಗಳಿವೆ. ಮನುಷ್ಯರಿಗೆ ಅಪಾಯ ಮಾಡಬಲ್ಲ ಜಾತಿಗಳನ್ನು ಬೆರಳಲ್ಲಿ ಎಣಿಸಬಹುದು. ಇಡೀ ಭೂಮಿಯ ಲೆಕ್ಕ ಹಿಡಿದರೂ ಶಾರ್ಕ್ ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ ಆರೇಳು ಮಂದಿ. ನಮ್ಮ ದೇಶದಲ್ಲಿ ಹಾವು ಕಚ್ಚಿ ಸಾಯುವವರು? 2000ದಿಂದ 2019ರವರೆಗಿನ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 58,000. ಆ ಹಾವಿಗೆ ನಾವು ಬನ ಬಿಟ್ಟಿದ್ದೇವೆ, ನಾಗರಪಂಚಮಿಗೆ ತನು ಎರೆಯುತ್ತೇವೆ. ಹಾಗೆ ಮಾಡುವುದು ಸರಿಯೇ. ಹೆದರಿಕೆ ಇದ್ದೂ ಒಂದು ಜೀವಕ್ಕೆ ಜಾಗ ಬಿಡುವುದು ನಮಗೆ ಗೊತ್ತಿದೆ ಅನ್ನುವುದಕ್ಕೆ ಹೇಳಿದೆ.

ಶಾರ್ಕ್ ಕಚ್ಚುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2024ರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ, ವೈತರಣಾ ನದಿಗೆ ಇಳಿದವರೊಬ್ಬರ ಕಾಲನ್ನು ಬುಲ್ ಶಾರ್ಕ್ ಕಚ್ಚಿ ತೀವ್ರ ಗಾಯವಾಗಿತ್ತು. ಬುಲ್ ಶಾರ್ಕ್ ಉಪ್ಪುನೀರಿನಿಂದ ಸಿಹಿನೀರಿಗೂ ಹೋಗಬಲ್ಲ ಜಾತಿ. ಅಂಥ ಘಟನೆ ತೀರಾ ಅಪರೂಪ, ಅದಕ್ಕೇ ಅಷ್ಟು ದೊಡ್ಡ ಸುದ್ದಿಯಾಯಿತು. ನಮ್ಮ ಮುರ್ಡೇಶ್ವರ, ಗೋಕರ್ಣ, ಮಲ್ಪೆಯ ದಡಗಳಲ್ಲಿ ಪ್ರವಾಸಕ್ಕೆ ಬಂದ ಮಕ್ಕಳನ್ನು ಎಳೆದೊಯ್ಯುತ್ತಿರುವುದು ಅಲೆ ಮತ್ತು ಸೆಳೆತ. ಮಳೆಗಾಲದ ಸಮುದ್ರಕ್ಕೆ ಹೆದರಬೇಕಾದವರು ಶಾರ್ಕಿಗೆ ಹೆದರುತ್ತಿದ್ದೇವೆ.

1975ರಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾ ಈ ಹೆದರಿಕೆಯನ್ನು ಲೋಕಕ್ಕೆಲ್ಲ ಹಂಚಿತು. ಅದರ ಮೂಲ ಕತೆ ಬರೆದವರೇ ಆಮೇಲೆ ನೊಂದುಕೊಂಡು ಶಾರ್ಕ್ ಉಳಿಸುವ ಕೆಲಸಕ್ಕೆ ನಿಂತರು. ಆ ಮಾತು ಮಾತ್ರ ಸಿನಿಮಾ ತಲುಪಿದಷ್ಟು ದೂರ ತಲುಪಲಿಲ್ಲ.

ಪಾಠ ಮಾಡುತ್ತಿದ್ದಾಗ ನಾನು ಮಾರ್ಕೆಟ್‌ನಿಂದ ಒಂದು ತಾಟೆ ತಂದು ಮೇಜಿನ ಮೇಲೆ ಬಾಳೆಲೆ ಹಾಸಿ ಇಡುತ್ತಿದ್ದೆ. ಅದರ ಮೂತಿಯ ಕೆಳಗೆ ನೋಡಿ ಅನ್ನುತ್ತಿದ್ದೆ. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಮೆಲ್ಲಗೆ ಒತ್ತಿದರೆ ಲೋಳೆ ಬರುತ್ತದೆ. ಮರಳಿನಡಿ ಅಡಗಿದ ಸಣ್ಣ ಮೀನಿನ ಮೈಯ ವಿದ್ಯುತ್ತನ್ನು ಶಾರ್ಕ್ ಈ ತೂತುಗಳಿಂದ ಗುರುತಿಸುತ್ತದೆ. ಎದೆ ಬಡಿತದಷ್ಟು ಸಣ್ಣ ವಿದ್ಯುತ್ತು ಸಾಕು. ಆಮೇಲೆ ಬೆನ್ನ ಮೇಲೆ ಕೈ ಆಡಿಸಲು ಹೇಳುತ್ತಿದ್ದೆ. ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಸ್ಯಾಂಡ್ ಪೇಪರ್. ಚರ್ಮದ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲಿನಂಥ ಚಿಪ್ಪುಗಳಿವೆ, ನೀರು ತಡೆಯದ ಹಾಗೆ ಜಾರಲಿ ಅಂತ. ಈ ವಂಶ ಶುರುವಾಗಿ 40 ಕೋಟಿ ವರ್ಷಕ್ಕೂ ಮೇಲಾಯಿತು. ಡೈನೋಸಾರ್ ಬಿಡಿ, ಭೂಮಿಯ ಮೇಲೆ ಮೊದಲ ಕಾಡು ಹುಟ್ಟುವುದಕ್ಕೂ ಮುಂಚೆ ಸಮುದ್ರದಲ್ಲಿ ಶಾರ್ಕ್ ಇತ್ತು. ಇಷ್ಟು ಹೇಳುವಷ್ಟರಲ್ಲಿ ಮಕ್ಕಳ ಮುಖದ ಹೆದರಿಕೆ ಹೋಗಿ ಬೇರೆ ಏನೋ ಬಂದಿರುತ್ತಿತ್ತು. ಅವತ್ತಿನ ಗಂಟೆ ಹೊಡೆದರೂ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಇನ್ನು ಎರಡನೆಯ ತಪ್ಪು, ಮುಗಿಯುವುದಿಲ್ಲ ಅನ್ನುವ ಧೈರ್ಯ.

ಬಂಗುಡೆ, ಬೂತಾಯಿ ಮೊಟ್ಟೆ ಇಡುವುದು ಸಾವಿರಗಟ್ಟಲೆ, ಲಕ್ಷದ ಹತ್ತಿರಕ್ಕೂ ಹೋಗುತ್ತದೆ. ಒಂದು ವರ್ಷ ಬರ ಬಂದರೂ ಮಳೆ, ನೀರು ಸರಿಯಾದರೆ ಮತ್ತೆ ತುಂಬಿಕೊಳ್ಳುತ್ತದೆ. ತಾಟೆಯ ಬದುಕು ಹಾಗಿಲ್ಲ. ನಾನು ಮಾರ್ಕೆಟ್‌ನಲ್ಲಿ ನೋಡಿದ ಚಪ್ಪಟೆ ಮೂತಿಯ ಸಣ್ಣ ಜಾತಿ ತಾಯಿಯ ಹೊಟ್ಟೆಯೊಳಗೇ ಮಾಸಿಗೆ, ಅಂದರೆ ಪ್ಲಾಸೆಂಟಾಗೆ, ಅಂಟಿಕೊಂಡು ಬೆಳೆಯುತ್ತದೆ. ಮೊಟ್ಟೆ ಸಾಸಿವೆ ಕಾಳಿಗಿಂತಲೂ ಸಣ್ಣದು. ಆಮೇಲಿನ ಊಟವೆಲ್ಲ ತಾಯಿಯ ರಕ್ತದಿಂದ. ಮೀನುಗಳಲ್ಲಿ ಇಷ್ಟು ಬೆಳೆದ ಮಾಸು ಬೇರೆ ಯಾವುದಕ್ಕೂ ಇಲ್ಲ ಅನ್ನುತ್ತಾರೆ ತಿಳಿದವರು. ಒಂದು ಬಸಿರಿಗೆ ಹತ್ತು ಹದಿನೈದು ಮರಿ. ಅದು ಶಾರ್ಕ್‌ಗಳಲ್ಲಿ ಬೇಗ ಬೆಳೆಯುವ ಜಾತಿ. ದೊಡ್ಡ ಜಾತಿಗಳ ಕತೆ ಇನ್ನೂ ಕಷ್ಟ. ರೆಕ್ಕೆಯ ತುದಿ ಕಪ್ಪಗಿರುವ ಬ್ಲ್ಯಾಕ್‌ಟಿಪ್ ಶಾರ್ಕ್ ನಮ್ಮ ದಕ್ಕೆಗೂ, ಅಂದರೆ ಬೋಟು ಮೀನು ಇಳಿಸುವ ಕಟ್ಟೆಗೂ, ಬರುತ್ತದೆ. ಅದು ಬಸಿರು ಹೊರುವುದು ಹತ್ತರಿಂದ ಹನ್ನೆರಡು ತಿಂಗಳು, ಹೆಂಗಸರಿಗಿಂತ ಜಾಸ್ತಿ. ಹೆರುವುದು ಸಾಮಾನ್ಯವಾಗಿ ನಾಲ್ಕರಿಂದ ಏಳು ಮರಿ, ಅದೂ ಎರಡು ವರ್ಷಕ್ಕೊಮ್ಮೆ. ತಿಮಿಂಗಿಲ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಇಪ್ಪತ್ತೈದು ಮೂವತ್ತು ವರ್ಷವಾದರೂ ಬೇಕು.

ಅಂದರೆ ಒಂದು ದೊಡ್ಡ ಹೆಣ್ಣು ಶಾರ್ಕ್ ಹೋದರೆ ಅದರ ಜಾಗ ತುಂಬಲು ಒಂದು ತಲೆಮಾರು ಕಾಯಬೇಕು. ನಾವು ಕಾಯುತ್ತಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸಾಯುತ್ತಿರುವ ಶಾರ್ಕ್‌ಗಳ ಲೆಕ್ಕ ಕೋಟಿಗಳಲ್ಲಿದೆ. 2019ರ ಅಂದಾಜು ಸುಮಾರು 8 ಕೋಟಿ. ದಡದಿಂದ ದೂರದ ತೆರೆದ ಸಮುದ್ರದ ಶಾರ್ಕ್ ಮತ್ತು ತೊರಕೆಗಳ (ಚಪ್ಪಟೆ ಮೈಯ ರೇ ಮೀನುಗಳ) ಸಂಖ್ಯೆ 1970ರಿಂದ ಈಚೆಗೆ ಶೇ. 71ರಷ್ಟು ಕುಸಿದಿದೆ ಅಂತ 2021ರಲ್ಲಿ ಹೊರಬಂದ ಅಧ್ಯಯನ ಹೇಳಿತು. ಶಾರ್ಕ್, ತೊರಕೆ ಮತ್ತು ಅವುಗಳ ಹತ್ತಿರದ ಬಳಗದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾತಿಗಳು ಅಳಿಯುವ ಅಪಾಯದಲ್ಲಿವೆ. ಮುಖ್ಯ ಕಾರಣ ಮಿತಿಮೀರಿ ಹಿಡಿಯುವುದು. ಹೆಚ್ಚು ಶಾರ್ಕ್ ಹಿಡಿಯುವ ದೇಶಗಳ ಸಾಲಿನಲ್ಲಿ ನಮ್ಮ ದೇಶವೂ ಮುಂದೆಯೇ ಇದೆ.

ಸುತ್ತಿಗೆಯಂಥ ತಲೆಯ ಶಾರ್ಕ್ ಗೊತ್ತಲ್ವಾ? ತಲೆಯ ಎರಡೂ ತುದಿಗೆ ಒಂದೊಂದು ಕಣ್ಣು. ಅದರ ಒಂದು ಜಾತಿ ಈಗ ಅಳಿವಿನ ತೀರಾ ಹತ್ತಿರ ನಿಂತಿದೆ. ನಮ್ಮ ಕರಾವಳಿಯ ದಕ್ಕೆಗಳಲ್ಲಿ ಅದರ ಮರಿಗಳು ಇವತ್ತಿಗೂ ಬುಟ್ಟಿಯಲ್ಲಿ ಬಂದು ಬೀಳುತ್ತವೆ. ಮೊಳದುದ್ದದ ಮರಿಗಳು. ಏಲಂ ಕೂಗುವವರಿಗೆ ಅದು ಬರೀ ಎಳೆ ತಾಟೆ.

ಶಾರ್ಕ್ ಹೋದರೆ ಹೋಗಲಿ, ನಮಗೇನು ಅಂತ ಕೇಳುವವರಿಗೆ ಲಕ್ಷದ್ವೀಪದ ಮಾತು ಹೇಳುತ್ತೇನೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ದ್ವೀಪಗಳ ಸುತ್ತಲಿನ ತಿಳಿನೀರಿನಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಸಣ್ಣ ಮೀನುಗಳಿಗೆ ಅದೇ ತೊಟ್ಟಿಲು. ಹಸಿರು ಆಮೆಗಳು ಅದನ್ನು ಮೇಯುತ್ತವೆ. ಆಮೆಗಳು ಒಂದೇ ಕಡೆ ಗುಂಪುಗೂಡಿ ಹುಲ್ಲನ್ನು ಬೇರು ಸಮೇತ ಮೇದು ಬರಡು ಮಾಡಿದ್ದನ್ನು ಅವರು ಕಂಡರು. ಹುಲ್ಲು ಹೋದಲ್ಲಿ ಮೀನೂ ಕಡಿಮೆಯಾಯಿತು. ಮೀನುಗಾರರಿಗೆ ಆಮೆಗಳ ಮೇಲೆ ಸಿಟ್ಟು ಬಂತು. ಆಮೆಗಳನ್ನು ಓಡಾಡಿಸುವ, ಒಂದೇ ಕಡೆ ನಿಲ್ಲಲು ಬಿಡದ ಪ್ರಾಣಿ ಟೈಗರ್ ಶಾರ್ಕ್. ಅಂಥ ದೊಡ್ಡ ಶಾರ್ಕ್‌ಗಳು ಕಡಿಮೆಯಾಗಿರುವುದೂ ಇದಕ್ಕೆ ಒಂದು ಕಾರಣ ಎಂದು ವಿಜ್ಞಾನಿಗಳು ನೋಡುತ್ತಿದ್ದಾರೆ. ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಇದರ ಉಲ್ಟಾ ಚಿತ್ರ ಕಾಣುತ್ತದೆ. ಟೈಗರ್ ಶಾರ್ಕ್ ಚೆನ್ನಾಗಿರುವ ಆ ಕೊಲ್ಲಿಯಲ್ಲಿ ಆಮೆಗಳೂ ಕಡಲಹಸುಗಳೂ ಒಂದೇ ಕಡೆ ಕೂತು ಮೇಯುವ ಧೈರ್ಯ ಮಾಡುವುದಿಲ್ಲ. ಅಲ್ಲಿಯ ಹುಲ್ಲುಗಾವಲು ಜಗತ್ತಿನ ಅತಿ ದೊಡ್ಡ ಕಡಲಹುಲ್ಲು ಬಯಲುಗಳಲ್ಲಿ ಒಂದು. ಹುಲಿ ಇದ್ದರೆ ಕಾಡು ಅಂತ ಬಂಡೀಪುರದಲ್ಲಿ ನಾವು ಕಲಿತ ಪಾಠವೇ ಇದು. ನೀರಿನೊಳಗೆ ನಡೆಯುತ್ತಿರುವುದರಿಂದ ಕಣ್ಣಿಗೆ ಬೀಳುತ್ತಿಲ್ಲ.

ಈಗ ಬಾಣಂತಿಯರ ವಿಷಯಕ್ಕೆ ಬರುತ್ತೇನೆ. ಇದನ್ನು ನಮ್ಮ ಹೆಂಗಸರು ಗಮನ ಕೊಟ್ಟು ಓದಬೇಕು.

ಸಮುದ್ರದಲ್ಲಿರುವ ಪಾದರಸ ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹತ್ತುತ್ತಾ ಹೋಗುತ್ತದೆ. ಎಲ್ಲವನ್ನೂ ತಿನ್ನುವ, ಬಹಳ ವರ್ಷ ಬದುಕುವ ಮೀನಿನ ಮೈಯಲ್ಲಿ ಅದು ಜಾಸ್ತಿ ಸೇರಿರುತ್ತದೆ. ಶಾರ್ಕ್ ಅಂಥ ಮೀನು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಬಸುರಿಯರು, ಹಾಲೂಡಿಸುವ ತಾಯಂದಿರು, ಸಣ್ಣ ಮಕ್ಕಳು ತಿನ್ನಲೇಬಾರದ ಮೀನುಗಳ ಪಟ್ಟಿ ಮಾಡಿದೆ. ಅದರಲ್ಲಿ ಶಾರ್ಕ್ ಇದೆ. ಕಾರಣ, ಪಾದರಸ ಮಗುವಿನ ಮಿದುಳಿಗೆ, ನರಗಳಿಗೆ ಕೆಟ್ಟದ್ದು. ಎಳೆ ತಾಟೆಯಲ್ಲಿ ದೊಡ್ಡದರಷ್ಟು ಪಾದರಸ ಇರುವುದಿಲ್ಲ, ಒಪ್ಪುತ್ತೇನೆ. ನಮ್ಮ ಅಜ್ಜಿಯಂದಿರು ಪ್ರೀತಿಯಿಂದಲೇ ಕೊಟ್ಟರು. ಬಾಣಂತಿಗೆ ಚೆನ್ನಾಗಿ ಊಟ ಹಾಕಬೇಕು ಅನ್ನುವ ಅವರ ಕಾಳಜಿ ಸರಿಯಾಗೇ ಇತ್ತು. ಆದರೆ ಅದೇ ಪೌಷ್ಟಿಕತೆ ಬೂತಾಯಿಯಲ್ಲಿದೆ, ಬಂಗುಡೆಯಲ್ಲಿದೆ, ಕಾಣೆಯಲ್ಲಿದೆ. ಮಗುವಿಗೆ ಅಪಾಯದ ಸಣ್ಣ ಸಂಶಯವಿರುವ ಮೀನನ್ನೇ ಹುಡುಕಿಕೊಂಡು ಹೋಗಿ ತರುವುದು ಯಾಕೆ? ನನ್ನ ಮಗಳು ಆ ನಲವತ್ತು ದಿನ ಕಾಣೆ, ಬೂತಾಯಿ ಉಂಡಳು. ಹಾಲಿಗೆ ಏನೂ ಕಡಿಮೆಯಾಗಲಿಲ್ಲ.

ಸಚಿವರೇ, ಇಷ್ಟು ಓದಿ ಮೀನುಗಾರರ ಮೇಲೆ ಕೇಸು ಹಾಕಿ ಅಂತ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಮೀನುಗಾರರು ತಾಟೆ ಹುಡುಕಿಕೊಂಡು ಹೋಗುವುದು ಕಡಿಮೆ. ಸಿಗಡಿಗೋ ಬೇರೆ ಮೀನಿಗೋ ಬಿಟ್ಟ ಬಲೆಗೆ ಅದು ಬೀಳುತ್ತದೆ. ಟ್ರಾಲ್ ಬಲೆ ಗಂಟೆಗಟ್ಟಲೆ ತಳ ಎಳೆದು ಮೇಲೆ ಬರುವಷ್ಟರಲ್ಲಿ ಬಹಳಷ್ಟು ಸತ್ತಿರುತ್ತವೆ. ಡೀಸೆಲ್ ಖರ್ಚು, ಐಸಿನ ಖರ್ಚು, ಕೆಲಸದವರ ಪಾಲು ಎಲ್ಲ ಕಳೆದು ಕೈಗೆ ಉಳಿಯುವುದು ಎಷ್ಟು ಅಂತ ನನಗೆ ಗೊತ್ತು. ನನ್ನ ಅಪ್ಪನೂ ಬೋಟಿಗೆ ಹೋದವರೇ. ತಾಟೆಯ ಬಗ್ಗೆ ನಾನು ಮಾತು ತೆಗೆದಾಗ ನನ್ನ ಹಳೆಯ ವಿದ್ಯಾರ್ಥಿ, ಈಗ ಬೋಟು ನಡೆಸುವ ತಾಂಡೇಲ, ಹೇಳಿದ್ದು ಹೀಗೆ: "ಟೀಚರ್, ಬಿಡಬೇಕು ಅಂದ್ರೆ ಬಿಡ್ತೇವೆ. ಯಾವುದನ್ನು ಬಿಡಬೇಕು ಅಂತ ಯಾರಾದ್ರೂ ತೋರಿಸಬೇಕಲ್ಲ?"

ಅವನ ಮಾತಿನಲ್ಲಿ ನ್ಯಾಯವಿದೆ. ಕಾನೂನು ಇಲ್ಲದೆ ಇಲ್ಲ. 2001ರಲ್ಲೇ ತಿಮಿಂಗಿಲ ಶಾರ್ಕ್, ಗರಗಸ ಮೀನು, ಗಂಗಾ ಶಾರ್ಕ್ ಮೊದಲಾದವು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು. ಹುಲಿಗೆ ಇರುವಷ್ಟೇ ರಕ್ಷಣೆ ಅದು. ರೆಕ್ಕೆ ಮಾತ್ರ ಕತ್ತರಿಸಿಕೊಂಡು ಮೈಯನ್ನು ಸಮುದ್ರಕ್ಕೆ ಎಸೆಯುವುದನ್ನು 2013ರಲ್ಲಿ ಕೇಂದ್ರ ನಿಷೇಧಿಸಿತು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತೇ ನಿಂತಿತು. ಆದರೂ 2018ರಲ್ಲಿ ಮುಂಬೈ ಮತ್ತು ಗುಜರಾತಿನಲ್ಲಿ ಸುಮಾರು 8,000 ಕಿಲೋ ಒಣ ರೆಕ್ಕೆ ಸಿಕ್ಕಿಬಿತ್ತು. 2022ರ ತಿದ್ದುಪಡಿಯಲ್ಲಿ ರಕ್ಷಣೆಯ ಪಟ್ಟಿ ಇನ್ನೂ ಉದ್ದವಾಯಿತು. ಇದೆಲ್ಲ ದೆಹಲಿಯಲ್ಲಿ ಆಯಿತು. ದಕ್ಕೆಗೆ ಏನು ಬಂತು?

2021ರ ಮಾರ್ಚ್‌ನಲ್ಲಿ ಮಲ್ಪೆಯಲ್ಲಿ ಭಾರೀ ಗಾತ್ರದ ಗರಗಸ ಮೀನೊಂದು ಬಲೆಗೆ ಬಿತ್ತು. ಇದು ತೊರಕೆಯ ಬಳಗ, ಶಾರ್ಕಿನ ಹತ್ತಿರದ ನೆಂಟ. ಕ್ರೇನಿನಲ್ಲಿ ಎತ್ತಿದ ಚಿತ್ರ, ವಿಡಿಯೋ ಊರೆಲ್ಲ ಹರಿದಾಡಿತು. ನನ್ನ ಫೋನಿಗೇ ಐದಾರು ಕಡೆಯಿಂದ ಬಂತು. ನೋಡಿದವರೆಲ್ಲ ಆಶ್ಚರ್ಯಪಟ್ಟರು. ಇದು ಹುಲಿಯಷ್ಟೇ ರಕ್ಷಿತ ಪ್ರಾಣಿ, ನಮ್ಮ ಸಮುದ್ರದಲ್ಲಿ ಬಹುತೇಕ ಮುಗಿದೇಹೋಗಿರುವ ಪ್ರಾಣಿ ಅಂತ ಆ ವಿಡಿಯೋ ಕಳಿಸಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದರ ಗರಗಸದ ಹಲ್ಲು ಬಲೆಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಆಗುವುದೇ ಇಲ್ಲ. ಅದಕ್ಕೇ ಅದು ಎಲ್ಲರಿಗಿಂತ ಮೊದಲು ಖಾಲಿಯಾಯಿತು. ನಮ್ಮ ಅಜ್ಜನ ಕಾಲದಲ್ಲಿ ಕೆಲವರ ಮನೆಯ ಗೋಡೆಯಲ್ಲಿ ಆ ಗರಗಸ ತೂಗಿರುತ್ತಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಅದನ್ನು ಜೀವಂತ ಕಂಡವರು ಯಾರೂ ಇಲ್ಲ.

ಹೇಗೆ ಮಾಡಬಹುದು ಅನ್ನುವುದಕ್ಕೆ ಗುಜರಾತ್ ದಾರಿ ತೋರಿಸಿದೆ. ಸೌರಾಷ್ಟ್ರದ ಕರಾವಳಿಯಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕ್ ಬೇಟೆ ಜೋರಾಗಿತ್ತು. ಅದು ಜಗತ್ತಿನ ಅತಿ ದೊಡ್ಡ ಮೀನು, ಆದರೆ ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು. ಬೇಟೆಗೆ ಪೀಪಾಯಿ ಕಟ್ಟುತ್ತಿದ್ದರು, ಹಾಗಾಗಿ ಆ ಮೀನನ್ನೇ ಬ್ಯಾರೆಲ್ ಅಂತ ಕರೆಯುತ್ತಿದ್ದರು. ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಗುಜರಾತ್ ಅರಣ್ಯ ಇಲಾಖೆ ಸೇರಿ ಒಂದು ಕೆಲಸ ಶುರು ಮಾಡಿದವು. ರಾಮಕಥೆ ಹೇಳುವ ಮೊರಾರಿ ಬಾಪು ಅವರನ್ನು ಜೊತೆಗೆ ಕರೆದುಕೊಂಡರು. ಬಾಪು ಮೀನುಗಾರರಿಗೆ ಹೇಳಿದ್ದರ ತಿರುಳು ಇಷ್ಟು: ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳ ಹಾಗೆ. ಮನೆಗೆ ಬಂದ ಬಸುರಿ ಮಗಳನ್ನು ಯಾರಾದರೂ ಕೊಲ್ಲುತ್ತಾರಾ? ಮೀನಿಗೆ ವ್ಹಾಲಿ ಅಂತ ಹೊಸ ಹೆಸರು ಬಂತು, ಅಕ್ಕರೆಯವಳು ಅಂತ ಅರ್ಥ. ಬಲೆಗೆ ಬಿದ್ದರೆ ಮೀನುಗಾರರು ತಾವೇ ಬಲೆ ಕತ್ತರಿಸಿ ಬಿಡತೊಡಗಿದರು. ಹರಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಈವರೆಗೆ 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಹೀಗೆ ಬಲೆಯಿಂದ ಬಿಡುಗಡೆಯಾಗಿ ಸಮುದ್ರಕ್ಕೆ ಮರಳಿವೆ.

ಈ ಕತೆ ಓದಿದಾಗ ನನಗೆ ಮಾರ್ಕೆಟ್‌ನ ಆ ಒಂಬತ್ತು ಮರಿ ನೆನಪಾದವು. ತವರು ಅನ್ನುವ ಮಾತು ನಮಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥವಾಗಬೇಕು? ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ನೀರಿನಲ್ಲಿ ತಿಮಿಂಗಿಲ ಶಾರ್ಕ್ ಕಾಣಿಸಿಕೊಂಡಿದೆ. ಡೈವಿಂಗ್‌ಗೆ ಹೋದವರು ಆ ಚುಕ್ಕೆ ಚುಕ್ಕೆ ಮೈಯನ್ನು ನೋಡಿ ಬಂದು ವರ್ಷಗಟ್ಟಲೆ ಅದನ್ನೇ ಹೇಳುತ್ತಾರೆ.

ಈಗ ನಿಮ್ಮಲ್ಲಿ ನನ್ನ ಕೇಳಿಕೆಗಳು.

ದಡದಿಂದ 12 ನಾಟಿಕಲ್ ಮೈಲಿಯವರೆಗಿನ ನೀರು ರಾಜ್ಯದ್ದು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ನಿಮ್ಮ ಕೈಯಲ್ಲಿದೆ. ಕೇರಳ 2015ರಿಂದಲೇ ಎಷ್ಟೋ ಮೀನುಗಳಿಗೆ ಕನಿಷ್ಠ ಅಳತೆ ಕಟ್ಟಿ, ಅದಕ್ಕಿಂತ ಸಣ್ಣದನ್ನು ಹಿಡಿದರೆ ದಂಡ ಹಾಕುತ್ತಿದೆ. ನಮ್ಮ ದಕ್ಕೆಗಳಲ್ಲೂ ತಾಟೆಗೆ ಅಂಥ ಅಳತೆ ನಿಜವಾಗಿ ಜಾರಿಯಲ್ಲಿ ಕಾಣಬೇಕು. ಕಡ್ಡಿ ಹಿಡಿದು ಅಳೆಯುವವರು ಏಲಂ ನಡೆಯುವಲ್ಲಿ ನಿಲ್ಲಬೇಕು. ಬಡ ಮೀನುಗಾರನ ಒಂದು ಬುಟ್ಟಿಯಿಂದ ಶುರು ಮಾಡಬೇಡಿ. ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಟನ್‌ಗಟ್ಟಲೆ ಹೋಗುವ ಸಣ್ಣ ಮೀನಿನ ರಾಶಿಯಿಂದ ಶುರು ಮಾಡಿ. ಆ ರಾಶಿಯಲ್ಲಿ ಏನೇನು ಮರಿ ಇದೆ ಅಂತ ಒಮ್ಮೆ ಕೈ ಹಾಕಿ ನೋಡಿಸಿ.

ಅಳತೆಯೊಂದೇ ಸಾಲದು. ಸುತ್ತಿಗೆ ತಲೆಯಂಥ ಶಾರ್ಕ್ ಬಲೆಯಲ್ಲಿ ಬೇಗ ಸಾಯುತ್ತದೆ. ಸತ್ತದ್ದನ್ನು ಬಿಟ್ಟು ಪ್ರಯೋಜನವಿಲ್ಲ. ಎಷ್ಟೋ ಜಾತಿಗಳ ಮರಿಗಳು ಬೆಳೆಯುವುದು ದಡದ ಹತ್ತಿರ, ಅಳಿವೆಗಳ ಬಾಯಲ್ಲಿ. ಯಾವ ತಿಂಗಳು, ಯಾವ ಜಾಗ ಅನ್ನುವುದು ನಮ್ಮ ಹಿರಿಯ ಮೀನುಗಾರರಿಗೆ ಬಾಯಿಪಾಠ. ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ಮಂಗಳೂರು ಮತ್ತು ಕಾರವಾರದಲ್ಲಿ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳಿವೆ. ಅವರನ್ನೂ ಇವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ನಕ್ಷೆ ಮಾಡಿಸಿ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ರಜೆಯನ್ನು ಎಲ್ಲರೂ ಒಪ್ಪಿ ಪಾಲಿಸುತ್ತಿದ್ದಾರೆ, ಯಾಕೆಂದರೆ ಅದರ ಲಾಭ ಕಣ್ಣಿಗೆ ಕಂಡಿದೆ. ಮರಿಗಳ ಜಾಗಕ್ಕೂ ಕೆಲವು ವಾರ ಬಲೆ ಬೇಡ ಅಂದರೆ ಒಪ್ಪುತ್ತಾರೆ. ಕೇಳುವ ರೀತಿಯಲ್ಲಿ ಕೇಳಬೇಕು. ನಷ್ಟ ಆಗುವವರಿಗೆ ಕೈತುಂಬ ಅಲ್ಲದಿದ್ದರೂ ಹೊಟ್ಟೆಗೆ ಕಡಿಮೆಯಾಗದಷ್ಟು ಕೊಡಬೇಕು.

ರಕ್ಷಿತ ಮೀನು ಜೀವಂತ ಬಲೆಗೆ ಬಿದ್ದು, ಬಲೆ ಕತ್ತರಿಸಿ ಬಿಟ್ಟವರಿಗೆ ಪರಿಹಾರ ತಿಂಗಳೊಳಗೆ ಕೈಸೇರಲಿ. ಫೋನಿನಲ್ಲಿ ತೆಗೆದ ವಿಡಿಯೋ ಸಾಕ್ಷಿಗೆ ಸಾಕಾಗಲಿ. ನೂರೆಂಟು ಕಾಗದ ಕೇಳಿದರೆ ಇನ್ನೊಮ್ಮೆ ಯಾರೂ ಬಿಡುವುದಿಲ್ಲ. ಇನ್ನೊಂದು ತೊಡಕೆಂದರೆ ಶಾರ್ಕ್ ರಕ್ಷಣೆ ಅರಣ್ಯ ಇಲಾಖೆಯದ್ದು, ಬೋಟು ನಿಮ್ಮ ಇಲಾಖೆಯದ್ದು. ನಡುವೆ ಸಿಕ್ಕಿಕೊಂಡವನು ತಾಂಡೇಲ. ರಾತ್ರಿ ಎರಡು ಗಂಟೆಗೆ ಸಮುದ್ರದ ಮಧ್ಯೆ ಅವನು ಯಾರಿಗೆ ಫೋನ್ ಮಾಡಬೇಕು ಅನ್ನುವುದಕ್ಕೆ ಒಂದೇ ಒಂದು ನಂಬರ್ ಇರಲಿ, ಅದನ್ನು ಎತ್ತುವವರೂ ಇರಲಿ.

ಆರೋಗ್ಯ ಇಲಾಖೆ ನಿಮ್ಮದಲ್ಲ, ಗೊತ್ತು. ಆದರೂ ಆ ಸಚಿವರೊಂದಿಗೆ ಒಂದು ಮಾತು ಆಡಿ. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಕೊಡುವ ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಲಿ: ಬಸುರಿಯರಿಗೆ, ಬಾಣಂತಿಯರಿಗೆ ತಾಟೆ ಬೇಡ, ಬೂತಾಯಿ ಬಂಗುಡೆ ಕೊಡಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು ಮನೆಮನೆಗೆ ಹೋಗಿ ಹೇಳಿದರೆ ನಮ್ಮ ಅಜ್ಜಿಯಂದಿರು ಕೇಳುತ್ತಾರೆ. ನನ್ನ ಅಮ್ಮನಿಗೆ ಎಂಬತ್ತೈದು. ಮೊದಲು ಮುಖ ಗಂಟಿಕ್ಕಿದರು. ಮರಿಗಳ ವಿಷಯ ಹೇಳಿದೆ, ಪಾದರಸದ ವಿಷಯ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅದೂ ತಾಯಿಯೇ ಅಲ್ದಾ" ಅಂದರು. ಮಾರನೇ ದಿನ ತಾವೇ ಕೂತು ಕಾಣೆಗೆ ಕಾಳುಮೆಣಸು ಅರೆದರು.

ಕೊನೆಯದು ಎಲ್ಲಕ್ಕಿಂತ ಸಣ್ಣದು, ಬೇಗ ಆಗುವಂಥದ್ದು. ಹಿಡಿಯಬಾರದ ಶಾರ್ಕ್, ತೊರಕೆ, ಗರಗಸ ಮೀನುಗಳ ಬಣ್ಣದ ಚಿತ್ರ ಇರುವ ಒಂದು ಪಟ. ಪ್ರತಿ ಚಿತ್ರದ ಕೆಳಗೆ ಕನ್ನಡ, ತುಳು, ಕೊಂಕಣಿ ಹೆಸರು. ನೀರು ಬಿದ್ದರೆ ಹಾಳಾಗದ ಕಾಗದ. ಒಂದು ಬೋಟಿನ ಕ್ಯಾಬಿನ್ನಿಗೆ, ಒಂದು ಏಲಂ ಕಟ್ಟೆಗೆ, ಒಂದು ಶಾಲೆಯ ಗೋಡೆಗೆ. ಆಗಸ್ಟ್ 1ಕ್ಕೆ ಬೋಟುಗಳು ನೀರಿಗಿಳಿಯುತ್ತವೆ, ಅದಕ್ಕೆ ಮುಂಚೆ ಅದು ತಾಂಡೇಲರ ಕೈಸೇರಬೇಕು. ಊರೂರಿಗೆ ಹೆಸರು ಬೇರೆ, ಅದನ್ನು ಹೊಂದಿಸುವುದು ಕಷ್ಟ ಅಂತ ಅಧಿಕಾರಿಗಳು ಹೇಳಬಹುದು. ಆ ಕೆಲಸಕ್ಕೆ ನಾನು ಬರುತ್ತೇನೆ. ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಬೋಟುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಅವರನ್ನೂ ಕರೆತರುತ್ತೇನೆ. ಮಾರ್ಕೆಟ್‌ನ ಆ ಅಕ್ಕನನ್ನೂ ಕೇಳಿದ್ದೇನೆ. ಬುಟ್ಟಿ ಖಾಲಿಯಾದ ಮೇಲೆ ಮಧ್ಯಾಹ್ನ ಆದರೆ ಬರ್ತೇನೆ ಅಂದಿದ್ದಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಕುಂದಾಪುರದ ಕಡೆಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ